ಪಂದ್ಯವಿಲ್ಲದ ತಿಂಗಳುಗಳು

ಕೊಯ್ಲು ಮುಗಿದು ಕಣದ ಕೆಲಸವೂ ತೀರಿದ ಮೇಲೆ ರೈತನಿಗೆ ಇನ್ನೇನು ಕೆಲಸ ಎಂದು ಕೇಳುವವರು ಪೇಟೆಯ ಜನ. ಬಯಲುಸೀಮೆಯ ಒಕ್ಕಲಿಗನನ್ನು ವಿಚಾರಿಸಿದರೆ ಅವನು ಮಾಗಿ ಉಳುಮೆಯ ಮಾತನ್ನೆತ್ತುತ್ತಾನೆ. ಬೆಳೆ ತೆಗೆದ ಹೊಲವನ್ನು, ನೆಲದಲ್ಲಿ ಇನ್ನೂ ಒಂದಿಷ್ಟು ಹಸಿಯಿರುವಾಗಲೇ ಉತ್ತು ಬಿಟ್ಟರೆ ಕಳೆಯ ಬೇರು ಮೇಲೆ ಬಂದು ಒಣಗುತ್ತದೆ; ಮಣ್ಣಿನಲ್ಲಿ ಅಡಗಿದ ಹುಳುವಿನ ಕೋಶ ಬಿಸಿಲಿಗೆ ಸಾಯುತ್ತದೆ; ಮುಂದೆ ಬೀಳುವ ಮೊದಲ ಮಳೆ ಹರಿದು ಹೋಗದೆ ಹೊಲದಲ್ಲಿಯೇ ಇಂಗುತ್ತದೆ. ಆ ಉಳುಮೆಯಿಂದ ಆ ದಿನ ಒಂದು ಕಾಳೂ ಕೈಗೆ ಬರುವುದಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುವಂಥ ಅಂದವೂ ಅದರಲ್ಲಿಲ್ಲ. ಆದರೂ ಬರುವ ವರ್ಷದ ಬೆಳೆಯ ಅರ್ಧ ಯೋಗ್ಯತೆ ಅಲ್ಲಿಯೇ ನಿಶ್ಚಯವಾಗುತ್ತದೆಂಬುದನ್ನು ಹೊಲದವನು ಬಲ್ಲ.

ಈ ಮಾತನ್ನು ಎತ್ತಿದ್ದು ಬೇಸಾಯದ ಸಲುವಾಗಿ ಅಲ್ಲವೆಂದರೆ ಓದುಗರಿಗೆ ಸ್ವಲ್ಪ ಆಶ್ಚರ್ಯವಾದೀತು. ನನ್ನ ವಿಷಯ ಯಂತ್ರಗಳದು. ಇನ್ನೂ ಬಿಡಿಸಿ ಹೇಳುವುದಾದರೆ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಂದ್ಯಕ್ಕಾಗಿ ರೋಬೋ ಕಟ್ಟುವ ವಿದ್ಯಾರ್ಥಿ ತಂಡಗಳದು. ಜಿಲ್ಲಾ ಕೇಂದ್ರವೂ ಅಲ್ಲದ ಊರೊಂದರ ಕಾಲೇಜಿನಲ್ಲಿ ಹಲವು ವರ್ಷ ಯಂತ್ರಶಾಸ್ತ್ರದ ಪಾಠ ಹೇಳಿದವನು ನಾನು. ಅಂಥದೊಂದು ತಂಡದೊಡನೆ ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ನೆರೆಹೊರೆಯ ಕಾಲೇಜುಗಳಲ್ಲಿ ಇಂಥ ತಂಡಗಳು ಹುಟ್ಟಿದ್ದನ್ನು ಕಂಡಿದ್ದೇನೆ, ಅಡಗಿದ್ದನ್ನೂ ಕಂಡಿದ್ದೇನೆ. ಕಂಡದ್ದರಿಂದ ನನ್ನಲ್ಲಿ ಒಂದು ಅಭಿಪ್ರಾಯ ಬಲಿತಿದೆ. ಕಣದಲ್ಲಿ ಸೋತದ್ದರಿಂದ ಸತ್ತ ತಂಡವನ್ನು ನಾನು ನೋಡಿಲ್ಲ. ಅವು ಸಾಯುವುದು ಒಂದು ಪಂದ್ಯಕ್ಕೂ ಇನ್ನೊಂದು ಪಂದ್ಯಕ್ಕೂ ನಡುವೆ, ಯಾರೂ ನೋಡದಿರುವಾಗ, ಸದ್ದಿಲ್ಲದೆ. ಬದುಕುವ ತಂಡಗಳು ಬದುಕುವುದೂ ಆ ತಿಂಗಳುಗಳಲ್ಲಿಯೇ.

ಪಂದ್ಯವೆಂದರೆ ಯಾವುದು ಎಂದು ಕೇಳುವವರಿಗಾಗಿ ನಾಲ್ಕು ಮಾತು. ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ಪ್ರಸಾರ ಸಂಸ್ಥೆಗಳ ಒಕ್ಕೂಟ 2002ರಲ್ಲಿ ಟೋಕಿಯೋ ನಗರದಲ್ಲಿ ರೋಬೋಕಾನ್ ಎಂಬ ಸ್ಪರ್ಧೆಯನ್ನು ಆರಂಭಿಸಿತು. ಪ್ರತಿವರ್ಷ ಒಂದು ದೇಶ ಆತಿಥ್ಯ ವಹಿಸುತ್ತದೆ. ಆ ದೇಶ ತನ್ನ ನಾಡಿನ ಆಟವನ್ನೋ ಕಥೆಯನ್ನೋ ಹಿಡಿದು ನಿಯಮಗಳನ್ನು ರಚಿಸುತ್ತದೆ. 2008ರಲ್ಲಿ ಪಂದ್ಯ ಪುಣೆಯಲ್ಲಿ ನಡೆದಾಗ ತೂಗುಹಾಕಿದ ಗಡಿಗೆಯ ಬೆಣ್ಣೆಯನ್ನು ಕದಿಯುವ ಗೋವಿಂದನೇ ವಿಷಯವಾದ. 2022ರಲ್ಲಿ ದೆಹಲಿಗೆ ಬಂದಾಗ ಆಟ ಲಗೋರಿ! ಹೌದು, ನಾವೆಲ್ಲ ಚಿಕ್ಕಂದಿನಲ್ಲಿ ಹಂಚಿನ ಚೂರುಗಳನ್ನು ಪೇರಿಸಿ, ಬಟ್ಟೆಯ ಚೆಂಡಿನಿಂದ ಕೆಡವಿ, ಬೆನ್ನಿಗೆ ಪೆಟ್ಟು ಬೀಳುವ ಮುನ್ನ ಮತ್ತೆ ಪೇರಿಸಲು ಓಡಿದ ಅದೇ ಲಗೋರಿ. ಚೆಂಡೆಸೆಯುವುದು, ಕೆಡವುವುದು, ಬಿದ್ದ ಬಿಲ್ಲೆಗಳನ್ನು ಒಂದರ ಮೇಲೊಂದು ಕೂರಿಸುವುದು, ಇಷ್ಟನ್ನೂ ಯಂತ್ರ ಮಾಡಬೇಕು. ಹತ್ತು ವರ್ಷದ ಹುಡುಗ ಉಸಿರಾಡಿದಷ್ಟು ಸುಲಭವಾಗಿ ಮಾಡುವ ಈ ಕೆಲಸವನ್ನು ಕಬ್ಬಿಣಕ್ಕೂ ತಂತಿಗೂ ಕಲಿಸಲು ಇಪ್ಪತ್ತು ಮಂದಿ ಯುವಕ ಯುವತಿಯರು ತಿಂಗಳುಗಟ್ಟಲೆ ಬೆವರು ಸುರಿಸಬೇಕಾಗುತ್ತದೆ. ಮನುಷ್ಯನ ಕೈಯ ಮೇಲೆ ಗೌರವ ಹುಟ್ಟಬೇಕಾದರೆ ಒಂದು ರೋಬೋವನ್ನು ಕಟ್ಟಿ ನೋಡಬೇಕು.

ಅಂತರರಾಷ್ಟ್ರೀಯ ಪಂದ್ಯ ಸಾಮಾನ್ಯವಾಗಿ ಆಗಸ್ಟಿನಲ್ಲಿ ನಡೆಯುತ್ತದೆ. ಅದಕ್ಕೆ ಮುಂಚೆ, ಇತ್ತೀಚಿನ ವರ್ಷಗಳಲ್ಲಿ ಜುಲೈ ಸುಮಾರಿಗೆ, ನಮ್ಮ ದೇಶದ ಕಾಲೇಜುಗಳ ನಡುವೆ ಪಂದ್ಯ. ಯಂತ್ರ ಕಟ್ಟುವ ನಿಜವಾದ ಗಡಿಬಿಡಿ ಹೊಸ ವರ್ಷದ ಪರೀಕ್ಷೆಗಳು ಮುಗಿದ ಮೇಲೆ ಹತ್ತುತ್ತದೆ. ಎಂದಮೇಲೆ ಆಗಸ್ಟಿನಿಂದ ಡಿಸೆಂಬರಿನ ವರೆಗಿನ ಐದು ತಿಂಗಳು ತಂಡಕ್ಕೆ ಕೆಲಸವಿಲ್ಲ; ಅಥವಾ ಕೆಲಸವಿಲ್ಲವೆಂದು ಕಾಲೇಜು ತಿಳಿಯುತ್ತದೆ. ಯಂತ್ರವನ್ನು ಮೂಲೆಗೆ ಸರಿಸುತ್ತಾರೆ. ಶೆಡ್ಡಿಗೆ ಬೀಗ ಬೀಳುತ್ತದೆ. ಯಾವುದೋ ಇಲಾಖೆಯ ಪ್ರದರ್ಶನಕ್ಕೆ ಮೋಟಾರು ಬೇಕೆಂದು ಒಂದು ದಿನ ಅದರ ಎರಡು ಚಕ್ರಗಳನ್ನು ಬಿಚ್ಚುತ್ತಾರೆ. ಇನ್ನೊಂದು ದಿನ ಬ್ಯಾಟರಿ ಹೋಗುತ್ತದೆ. ಡಿಸೆಂಬರಿನ ಹೊತ್ತಿಗೆ ಉಳಿಯುವುದು ಚೌಕಟ್ಟು ಮತ್ತು ಇಲಿ ಕಡಿದ ತಂತಿ.

ಯಂತ್ರ ಹೋದರೆ ಹೋಗಲಿ, ಇನ್ನೊಂದನ್ನು ಕಟ್ಟಬಹುದು. ನನ್ನ ಚಿಂತೆ ಬೇರೆ. ನಾಲ್ಕು ವರ್ಷದ ವ್ಯಾಸಂಗದಲ್ಲಿ ಒಬ್ಬ ವಿದ್ಯಾರ್ಥಿ ತಂಡಕ್ಕೆ ಎಷ್ಟು ಕಾಲ ದೊರೆಯುತ್ತಾನೆಂದು ಲೆಕ್ಕ ಹಾಕಿರಿ. ಮೊದಲ ವರ್ಷ ಅವನಿಗೆ ಏನೂ ತಿಳಿಯದು. ಎರಡನೆಯ ವರ್ಷ ನೋಡಿ ಕಲಿಯುತ್ತಾನೆ. ಮೂರನೆಯ ವರ್ಷ ತಾನೇ ಕಟ್ಟುತ್ತಾನೆ. ನಾಲ್ಕನೆಯ ವರ್ಷ ಕಂಪೆನಿಗಳ ಸಂದರ್ಶನ, ಕೊನೆಯ ವರ್ಷದ ಪ್ರಬಂಧ, ಊರಿನಿಂದ ಬರುವ ತಂದೆಯ ಫೋನು, ಇವುಗಳ ನಡುವೆ ಸಿಕ್ಕಷ್ಟು ಹೊತ್ತು. ಒಬ್ಬ ಬಲ್ಲವನು ಬಲ್ಲವನಾಗಿ ತಂಡದಲ್ಲಿ ಇರುವುದು ಹೆಚ್ಚೆಂದರೆ ಒಂದೂವರೆ ವರ್ಷ. ದೇವಸ್ಥಾನದ ಅರ್ಚಕರಿಗೆ ಮಗನಿದ್ದಾನೆ, ಬಡಗಿಗೆ ಶಿಷ್ಯನಿದ್ದಾನೆ. ಈ ತಂಡದಲ್ಲಿ ಮಾತ್ರ ಪ್ರತಿ ಜೂನ್ ತಿಂಗಳಲ್ಲೂ ಹಿರಿಯರೆಲ್ಲ ಒಟ್ಟಿಗೆ ಹೊರಟುಬಿಡುತ್ತಾರೆ. ಕೈಯಿಂದ ಕೈಗೆ ದಾಟದ ವಿದ್ಯೆ ಅವರೊಡನೆಯೇ ಬಸ್ಸು ಹತ್ತುತ್ತದೆ.

ಇದು ಕೇವಲ ಊಹೆಯ ಮಾತಲ್ಲವೆಂಬುದಕ್ಕೆ ಮಹಾಮಾರಿಯ ಕಾಲವೇ ಸಾಕ್ಷಿ. 2020ರಲ್ಲಿ ಕಾಲೇಜುಗಳು ಮುಚ್ಚಿದವು. ಫಿಜಿ ದೇಶದಲ್ಲಿ ಆಗಬೇಕಾಗಿದ್ದ ಆ ವರ್ಷದ ಪಂದ್ಯ ಎಂದಿನಂತೆ ನಡೆಯಲಿಲ್ಲ. 2021ರಲ್ಲಿಯೂ ತಂಡಗಳು ಒಂದೆಡೆ ಸೇರುವ ಹಾಗಿರಲಿಲ್ಲ. ಮತ್ತೆ ಬಾಗಿಲು ತೆರೆದಾಗ ಎಷ್ಟೋ ಕಡೆ ಶೆಡ್ಡಿತ್ತು, ಉಪಕರಣವಿತ್ತು, ಗೋಡೆಯ ಮೇಲೆ ಹಳೆಯ ಗುಂಪಿನ ಛಾಯಾಚಿತ್ರವೂ ಇತ್ತು. ಚಿತ್ರದಲ್ಲಿದ್ದ ಒಬ್ಬರೂ ಕಾಲೇಜಿನಲ್ಲಿರಲಿಲ್ಲ. ಎರಡು ವರ್ಷದ ಬಿಡುವು ಹತ್ತು ವರ್ಷದ ಗಳಿಕೆಯನ್ನು ಒರೆಸಿ ಹಾಕಿತ್ತು. ಮಹಾಮಾರಿ ಒಮ್ಮೆಗೇ ಮಾಡಿದ ಕೆಲಸವನ್ನು ಪ್ರತಿವರ್ಷದ ಐದು ತಿಂಗಳ ಬೀಗ ಸ್ವಲ್ಪ ಸ್ವಲ್ಪವಾಗಿ ಮಾಡುತ್ತದೆ, ಅಷ್ಟೆ.

ನಕ್ಷೆಗಳಿವೆಯಲ್ಲ, ಕಂಪ್ಯೂಟರಿನಲ್ಲಿ ಎಲ್ಲವನ್ನೂ ಉಳಿಸಿಟ್ಟಿದ್ದೇವಲ್ಲ ಎನ್ನುವವರುಂಟು. ನಕ್ಷೆಯಲ್ಲಿ ಯಂತ್ರ ಹೇಗಿದೆಯೆಂಬುದು ಇರುತ್ತದೆ. ಹಾಗೇಕೆ ಇದೆಯೆಂಬುದು ಇರುವುದಿಲ್ಲ. ಚಕ್ರದ ಸುತ್ತು ಎಣಿಸುವ ಸಣ್ಣ ಉಪಕರಣದ ತಂತಿಯನ್ನು ಚೌಕಟ್ಟಿನ ಹೊರ ಅಂಚಿನಲ್ಲಿ ಬಳಸಿ ತಂದಿರುವುದನ್ನು ಹೊಸಬ ನೋಡುತ್ತಾನೆ. ನೇರವಾಗಿ ತಂದರೆ ಅರ್ಧ ಮೊಳ ತಂತಿ ಉಳಿಯುತ್ತದೆಂದು ಅದನ್ನು ಮೋಟಾರಿನ ಪಕ್ಕದಲ್ಲಿ ಹಾಯಿಸುತ್ತಾನೆ. ಮೋಟಾರಿನಲ್ಲಿ ವಿದ್ಯುತ್ತು ಹರಿದಾಗಲೆಲ್ಲ ಪಕ್ಕದ ತಂತಿಯಲ್ಲಿ ಸುಳ್ಳು ಸಂಕೇತಗಳೆದ್ದು ಯಂತ್ರ ದಾರಿ ತಪ್ಪುತ್ತದೆ. ಕಾರಣ ಹುಡುಕಲು ಮೂರು ವಾರ. ಹಿಂದಿನ ತಂಡವೂ ಇದೇ ಮೂರು ವಾರವನ್ನು ತೆತ್ತಿತ್ತು. ಅದರ ಹಿಂದಿನ ತಂಡವೂ ತೆತ್ತಿತ್ತು. ಒಂದೇ ಸಾಲವನ್ನು ಪ್ರತಿವರ್ಷ ಬಡ್ಡಿ ಸಮೇತ ತೀರಿಸುವ ಮನೆತನ ಉದ್ಧಾರವಾಗುವುದೆಂತು?

ಪಂದ್ಯದ ತಿಂಗಳುಗಳಲ್ಲೇ ಕಿರಿಯರು ಕಲಿಯಬಾರದೆ ಎಂದು ಕೇಳಬಹುದು. ಆ ತಿಂಗಳುಗಳಲ್ಲಿ ಶೆಡ್ಡಿನೊಳಗೆ ಒಮ್ಮೆ ನಿಂತು ನೋಡಿದವರು ಹಾಗೆ ಕೇಳಲಾರರು. ದಿನಗಳು ಎಣಿಕೆಗೆ ಬಂದಿರುತ್ತವೆ. ಬೆಸುಗೆ ಹಾಕಲು ಬಲ್ಲವನೇ ಬೆಸುಗೆ ಹಾಕುತ್ತಾನೆ. ಬರೆಯಬಲ್ಲವಳೇ ಯಂತ್ರದ ಆದೇಶಗಳನ್ನು ಬರೆಯುತ್ತಾಳೆ. ಅರಿಯದವನ ಕೈಗೆ ಕೊಟ್ಟು ಕಾಯುವ ತಾಳ್ಮೆ ಆಗ ಯಾರಿಗಿದ್ದೀತು? ಕಿರಿಯರ ಪಾಲಿಗೆ ಬರುವುದು ಬ್ಯಾಟರಿ ದೀಪ ಹಿಡಿಯುವುದು, ಕೆಳಗೆ ಬಿದ್ದ ಬೋಲ್ಟು ಹುಡುಕುವುದು, ರಾತ್ರಿ ಹನ್ನೊಂದಕ್ಕೆ ಚಹಾ ತರುವುದು. ಇದರಲ್ಲಿ ಹಿರಿಯರ ದುರುದ್ದೇಶವೇನೂ ಇಲ್ಲ. ಅವಸರವು ಬಲ್ಲವನನ್ನು ಇನ್ನಷ್ಟು ಬಲ್ಲವನನ್ನಾಗಿ ಮಾಡುತ್ತದೆ, ಅರಿಯದವನನ್ನು ಅಲ್ಲಿಯೇ ಬಿಡುತ್ತದೆ. ಕಲಿಸುವುದು ಸಾವಧಾನದ ಕೆಲಸ; ಆ ಸಾವಧಾನ ದೊರೆಯುವುದು ಪಂದ್ಯವಿಲ್ಲದ ತಿಂಗಳುಗಳಲ್ಲಿ ಮಾತ್ರ.

ಇನ್ನೂ ಒಂದು ಸಂಗತಿಯುಂಟು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಪಂದ್ಯದ ಕಾಲದ ದುಡಿಮೆ ರಾತ್ರಿಯ ದುಡಿಮೆ. ಹೆಣ್ಣುಮಕ್ಕಳ ಹಾಸ್ಟೆಲಿನ ಬಾಗಿಲು ಕತ್ತಲಾಗುವ ಹೊತ್ತಿಗೆ ಮುಚ್ಚುತ್ತದೆ. ಹಳ್ಳಿಯಿಂದ ಬಂದು ಹೋಗುವ ಹುಡುಗನಿಗೆ ಐದೂವರೆಯ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲ. ಹೀಗಾಗಿ ಯಾರೂ ಯಾರನ್ನೂ ಹೊರಗೆ ಹಾಕದಿದ್ದರೂ ಜನವರಿಯ ಹೊತ್ತಿಗೆ ತಂಡ ತಾನಾಗಿಯೇ ಸೋಸಿ ಹೋಗಿರುತ್ತದೆ: ಊರೊಳಗೆ ಕೋಣೆ ಮಾಡಿಕೊಂಡಿರುವ, ರಾತ್ರಿ ಎಷ್ಟು ಹೊತ್ತಾದರೂ ಯಾರೂ ಕೇಳದ ಗಂಡುಹುಡುಗರು ಏಳೆಂಟು ಮಂದಿ ಉಳಿಯುತ್ತಾರೆ. ಕಲಿಸುವ ಕೆಲಸವನ್ನು ಸೆಪ್ಟೆಂಬರಿನ ಹಗಲಿನಲ್ಲಿ, ಮೂರರಿಂದ ಐದರ ವರೆಗೆ ಇಟ್ಟರೆ, ಹಾಸ್ಟೆಲಿನ ಹುಡುಗಿಯೂ ಬಸ್ಸಿನ ಹುಡುಗನೂ ಜನವರಿಯ ಹೊತ್ತಿಗೆ ಒಂದೊಂದು ಕೆಲಸದ ಒಡೆತನ ಪಡೆದಿರುತ್ತಾರೆ. ಆಗ ಪಂದ್ಯದ ಕಾಲದಲ್ಲಿ ತಂಡವೇ ತನ್ನ ವೇಳೆಯನ್ನು ಅವರಿಗಾಗಿ ಹೊಂದಿಸಿಕೊಳ್ಳುತ್ತದೆ. ಏಕೆಂದರೆ ಅವರಿಲ್ಲದೆ ಯಂತ್ರ ಕದಲದು. ಬಿಡುವಿನ ತಿಂಗಳುಗಳನ್ನು ಹೇಗೆ ಕಳೆಯುತ್ತೇವೆಂಬುದರಿಂದ ತಂಡ ಯಾರದೆಂಬುದೇ ನಿರ್ಧಾರವಾಗುತ್ತದೆ.

ಇಂಥ ಬಿಡುವನ್ನು ಬಳಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಿರಿ. ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆ ಬರುತ್ತದೆ. ಗೆಜ್ಜೆ ಬಿಚ್ಚಿ ಮೇಳಗಳು ತಿರುಗಾಟ ಮುಗಿಸುತ್ತವೆ. ಮುಂದೆ ದೀಪಾವಳಿಯ ಆಸುಪಾಸಿನ ತನಕ ಬಯಲಾಟಕ್ಕೆ ಮಳೆ ಅವಕಾಶ ಕೊಡದು. ಹಾಗೆಂದು ಕಲೆ ಮಲಗಿತೆ? ಇಲ್ಲ. ತಾಳಮದ್ದಳೆ ಎದ್ದಿತು. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಚಾಪೆಯ ಮೇಲೆ ಕುಳಿತು ಪಾತ್ರವನ್ನು ಮಾತಿನಲ್ಲಿಯೇ ಕಟ್ಟುತ್ತಾರೆ. ವೇಷದ ಬೆಡಗಿನಲ್ಲಿ ಮರೆಯಾಗಬಹುದಾದ ಬಡತನ ಇಲ್ಲಿ ಮರೆಯಾಗದು. ಪ್ರಸಂಗ ತಿಳಿಯದವನು ಎರಡನೆಯ ಪದ್ಯಕ್ಕೇ ಸಿಕ್ಕಿಬೀಳುತ್ತಾನೆ. ಹೊರಗಿನ ಆಟ ನಿಂತಾಗ ಒಳಗಿನ ಆಟವನ್ನು ಬೆಳೆಸಿಕೊಂಡದ್ದು, ಅದೂ ಕಡಮೆ ಖರ್ಚಿನಲ್ಲಿ ಬೆಳೆಸಿಕೊಂಡದ್ದು, ಆ ಕಲೆಯ ಆಯುಸ್ಸಿಗೆ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ನಮ್ಮ ರೋಬೋ ತಂಡಗಳಿಗೂ ಒಂದು ತಾಳಮದ್ದಳೆ ಬೇಕು.

ದೂರದ ಒಂದು ನಿದರ್ಶನವನ್ನೂ ಹೇಳುತ್ತೇನೆ. ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳ ರೋಬೋ ಪಂದ್ಯಗಳನ್ನು ನಡೆಸುವ ಫಸ್ಟ್ ಎಂಬ ಸಂಸ್ಥೆಯಿದೆ. ಡೀನ್ ಕೇಮನ್ ಎಂಬ ಯಂತ್ರೋಪಜ್ಞ ಅದನ್ನು 1989ರಲ್ಲಿ ಸ್ಥಾಪಿಸಿದರು. 1992ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಒಂದು ಶಾಲೆಯ ವ್ಯಾಯಾಮಶಾಲೆಯಲ್ಲಿ 28 ತಂಡಗಳೊಡನೆ ಮೊದಲ ಪಂದ್ಯ ನಡೆಯಿತು. ಅಲ್ಲಿ ಜನವರಿಯ ಆರಂಭದಲ್ಲಿ ಆಟದ ನಿಯಮ ಪ್ರಕಟವಾಗುತ್ತದೆ, ಏಪ್ರಿಲಿನಲ್ಲಿ ಎಲ್ಲವೂ ಮುಗಿಯುತ್ತದೆ. ಬಹುಕಾಲದ ವರೆಗೆ ಯಂತ್ರ ಕಟ್ಟಲು ಆರು ವಾರ ಮಾತ್ರ ಕೊಟ್ಟು, ಅನಂತರ ಪಂದ್ಯದ ತನಕ ಮುಟ್ಟದಂತೆ ಚೀಲದಲ್ಲಿ ಕಟ್ಟಿಡಿಸುತ್ತಿದ್ದರು. 2020ರ ಋತುವಿನಿಂದ ಆ ಕಟ್ಟಳೆಯನ್ನು ತೆಗೆದರು. ನನಗೆ ಹಿಡಿಸಿದ್ದು ಏಪ್ರಿಲಿನ ಅನಂತರದ ಕಥೆ. ಬೇಸಗೆಯಲ್ಲಿಯೂ ಶರತ್ಕಾಲದಲ್ಲಿಯೂ ತಂಡಗಳು ತಾವೇ ಕೂಡಿಕೊಂಡು ಹಳೆಯ ಯಂತ್ರಗಳಿಂದ ಹಳೆಯ ಆಟವನ್ನೇ ಮತ್ತೆ ಆಡುತ್ತವೆ. ಗೆದ್ದರೆ ಮುಂದಿನ ಹಂತವೇನೂ ಇಲ್ಲ. ಆದ್ದರಿಂದಲೇ ಧೈರ್ಯವಾಗಿ ಹೊಸಬರ ಕೈಗೆ ಯಂತ್ರವನ್ನು ಕೊಟ್ಟು ನೋಡುತ್ತಾರೆ. ಅವರಿಗಿರುವ ಹಣ ನಮಗಿಲ್ಲವೆಂಬುದೇನೋ ದಿಟ. ಆದರೆ ಹಳೆಯ ಯಂತ್ರದ ಮುಂದೆ ಹೊಸ ಹುಡುಗನನ್ನು ನಿಲ್ಲಿಸಲು ಎಷ್ಟು ಹಣ ಬೇಕು? ಒಂದು ಜಿಲ್ಲೆಯ ಮೂರು ಕಾಲೇಜುಗಳು ಅಕ್ಟೋಬರಿನ ಒಂದು ಭಾನುವಾರ ತಮ್ಮ ತಮ್ಮ ಹಳೆಯ ಯಂತ್ರಗಳನ್ನು ಒಂದು ಲಾರಿಯಲ್ಲಿ ಹೇರಿಕೊಂಡು ಒಂದೆಡೆ ಸೇರಿದರೆ ಸಾಕು.

ಆ ತಿಂಗಳುಗಳಲ್ಲಿ ಮಾಡತಕ್ಕದ್ದೇನು ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳವಾದದ್ದು. ಪಂದ್ಯದಿಂದ ಬಂದ ಮೊದಲ ವಾರ ಯಂತ್ರವನ್ನು ಯಾರೂ ಬಿಚ್ಚಕೂಡದು. ಎಲ್ಲರೂ ಅದರ ಸುತ್ತ ಕುಳಿತು ಒಂದು ಪುಸ್ತಕದಲ್ಲಿ ಬರೆಯಬೇಕು: ಯಾವುದು ಮುರಿಯಿತು, ಯಾವುದು ಮುರಿಯಲಿಲ್ಲ, ಯಾವುದನ್ನು ಮಾಡಿ ನೋಡಿ ಕೈಬಿಟ್ಟೆವು, ಏಕೆ ಕೈಬಿಟ್ಟೆವು. ಕೈಬಿಟ್ಟದ್ದರ ಕಾರಣವೇ ಮುಂದಿನವರಿಗೆ ದೊಡ್ಡ ಆಸ್ತಿ. ಮುಂದಿನ ತಿಂಗಳು ಕಿರಿಯರು ಆ ಯಂತ್ರವನ್ನು ಪೂರ್ತಿಯಾಗಿ ಬಿಚ್ಚಿ ಮತ್ತೆ ಜೋಡಿಸಬೇಕು. ಹಿರಿಯರು ಪಕ್ಕದಲ್ಲಿ ಕೈಕಟ್ಟಿ ಕೂರಬೇಕು. ಕೇಳಿದರೆ ಹೇಳಬೇಕು, ಕೇಳದಿದ್ದರೆ ಸುಮ್ಮನಿರಬೇಕು. ಬಲ್ಲವನಿಗೆ ಇದಕ್ಕಿಂತ ಕಠಿಣವಾದ ತಪಸ್ಸಿಲ್ಲ. ಜೋಡಿಸಿದ ಮೇಲೆ ನಾಲ್ಕು ಬೋಲ್ಟು ಉಳಿದರೂ ಚಿಂತೆಯಿಲ್ಲ, ಮತ್ತೆ ಬಿಚ್ಚಲಿ. ಅದಾದ ಮೇಲೆ ತಂಡದೊಳಗೇ ಮೂರು ನಾಲ್ಕು ಮಂದಿಯ ಗುಂಪು ಮಾಡಿ ಸಣ್ಣ ಸಣ್ಣ ಆಟ: ನೆಲದ ಮೇಲಿನ ಕಪ್ಪು ಗೆರೆಯನ್ನು ಹಿಡಿದು ನಡೆಯುವ ಗಾಡಿ, ಒಂದು ಚೆಂಡನ್ನು ಹತ್ತು ಬಾರಿಯೂ ಒಂದೇ ಬುಟ್ಟಿಗೆ ಹಾಕುವ ಕೈ. ಹೊಸ ಸಾಮಾನು ಕೊಳ್ಳುವಂತಿಲ್ಲ, ಶೆಡ್ಡಿನಲ್ಲಿರುವುದರಲ್ಲಿಯೇ ಮಾಡಬೇಕು.

ಕೊನೆಯದಾಗಿ, ತಂಡ ಹೊರಗೆ ಹೋಗಿ ಕಲಿಸಬೇಕು. ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಗೆ ನಮ್ಮ ಹುಡುಗಿಯೊಬ್ಬಳು ಗೇರಿನ ವಿಷಯ ಹೇಳಲು ಹೋಗಿದ್ದಳು. ಚಿಕ್ಕ ಗೇರಿನಿಂದ ದೊಡ್ಡ ಗೇರನ್ನು ತಿರುಗಿಸಿದರೆ ತಿರುಗಿಸುವ ಬಲ ಹೆಚ್ಚುತ್ತದೆ ಎಂಬುದು ಪಾಠ. ಅವಳು ಈ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಿದವಳು, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವಳು. ಅಲ್ಲಿ ಕನ್ನಡದಲ್ಲಿ ಹೇಳಬೇಕಾಯಿತು. ಬೀಸುವ ಕಲ್ಲಿನ ಗೂಟವನ್ನು ಅಂಚಿನಲ್ಲೇಕೆ ನೆಟ್ಟಿರುತ್ತಾರೆಂದು ಕೇಳಿ ಚೆನ್ನಾಗಿಯೇ ಆರಂಭಿಸಿದಳು. ಅಷ್ಟರಲ್ಲಿ ಎಂಟನೆಯ ತರಗತಿಯ ಒಂದು ಮಗು ಎದ್ದು ನಿಂತು, "ಅಕ್ಕಾ, ಬಲ ಜಾಸ್ತಿ ಆಯ್ತಲ್ಲ, ಅದು ಎಲ್ಲಿಂದ ಬಂತು?" ಎಂದಿತು. ಹುಡುಗಿ ಸುಮ್ಮನೆ ನಿಂತಳು. ಹಿಂದಿರುಗುವ ದಾರಿಯಲ್ಲಿ ನನ್ನೊಡನೆ, "ಸಾರ್, ಇದು ನನಗೆ ಗೊತ್ತು ಅಂತ ಇಷ್ಟು ದಿನ ತಿಳ್ಕೊಂಡಿದ್ದೆ" ಎಂದಳು. ಮರುವಾರ ಮತ್ತೆ ಹೋಗಿ, ಎರಡು ಗೇರುಗಳ ಮೇಲೂ ಸುಣ್ಣದ ಗುರುತು ಹಾಕಿ, ಚಿಕ್ಕದು ಮೂರು ಸುತ್ತು ಬಂದಾಗ ದೊಡ್ಡದು ಒಂದೇ ಸುತ್ತು ಬರುವುದನ್ನು ಮಕ್ಕಳಿಂದಲೇ ಎಣಿಸಿದಳು. ಬಲ ಎಲ್ಲಿಂದಲೋ ಬಂದದ್ದಲ್ಲ, ವೇಗವನ್ನು ಮಾರಿ ಕೊಂಡದ್ದು ಎಂದು ಆ ಮಗುವೇ ತೀರ್ಪು ಕೊಟ್ಟಿತು. ಆ ದಿನ ಕಲಿತವರಲ್ಲಿ ನಮ್ಮ ಹುಡುಗಿಯೇ ಮೊದಲನೆಯವಳೆಂದು ನನ್ನ ನಂಬಿಕೆ. ಮುಂದಿನ ವರ್ಷದ ಯಂತ್ರದಲ್ಲಿ ಯಾವ ಮೋಟಾರಿಗೆ ಯಾವ ಗೇರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಅವಳ ಮುಖ ನೋಡಿದರು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೊದಲನೆಯದು ತಂದೆತಾಯಿಗಳದು: ಪರೀಕ್ಷೆ ಮತ್ತು ಕೆಲಸದ ಸಂದರ್ಶನ ಬಿಟ್ಟು ಮಕ್ಕಳು ವರ್ಷವಿಡೀ ಆಟದ ಯಂತ್ರದ ಹಿಂದೆ ಓಡಬೇಕೆ? ಸಾಲ ಮಾಡಿ ಮಗನನ್ನು ಓದಿಸುವ ತಂದೆಯ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಎರಡನೆಯದು ವಿದ್ಯಾರ್ಥಿಗಳದೇ: ಆರು ತಿಂಗಳು ನಿದ್ದೆಗೆಟ್ಟವರಿಗೆ ವಿಶ್ರಾಂತಿ ಬೇಡವೆ? ಇದೂ ನ್ಯಾಯವೇ. ರೋಬೋ ಎಂಬ ಮಾತಿನ ಹುಟ್ಟನ್ನು ಇಲ್ಲಿ ನೆನೆಯಬೇಕು. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಈ ಪದ ಲೋಕಕ್ಕೆ ಬಂತು. ಅದನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಅವರ ಭಾಷೆಯಲ್ಲಿ ರೊಬೋತ ಎಂದರೆ ಜಮೀನ್ದಾರನಿಗೆ ಒಕ್ಕಲು ಮಾಡಬೇಕಾಗಿದ್ದ ಬಿಟ್ಟಿ ದುಡಿಮೆ. ತಂಡವನ್ನು ಚೇತನವಾಗಿಡುವ ಹೆಸರಿನಲ್ಲಿ ವಿದ್ಯಾರ್ಥಿಗಳಿಂದ ಅದೇ ಬಿಟ್ಟಿ ದುಡಿಮೆ ಮಾಡಿಸಿದರೆ ಯಂತ್ರ ಯಾವುದು, ಮನುಷ್ಯ ಯಾರು ಎಂಬ ವ್ಯತ್ಯಾಸವೇ ಅಳಿದೀತು. ಹಬ್ಬದ ದಿನ ಸರ್ಕಾರಿ ಅತಿಥಿಗೆ ಹೂಗುಚ್ಛ ಕೊಡಲು ರೋಬೋ ಕುಣಿಸಿರೆಂದು ತಂಡವನ್ನು ಕರೆಯುವುದೂ ಇಂಥ ಬಿಟ್ಟಿಯೇ. ಅದರಿಂದ ಕಾಲೇಜಿಗೆ ಪತ್ರಿಕೆಯಲ್ಲಿ ಚಿತ್ರ ಸಿಕ್ಕೀತು, ಹುಡುಗರಿಗೆ ವಿದ್ಯೆ ಸಿಕ್ಕದು.

ಈ ಎರಡು ಆಕ್ಷೇಪಗಳಿಗೂ ಉತ್ತರ ಯಂತ್ರದೊಳಗೇ ಇದೆ. ರೋಬೋಗಳಿಗೆ ಹಾಕುವ ಲಿಥಿಯಂ ಪಾಲಿಮರ್ ಬ್ಯಾಟರಿಯ ಸ್ವಭಾವ ವಿಚಿತ್ರವಾದದ್ದು. ಪೂರ್ತಿ ತುಂಬಿದಾಗ ಅದರ ಒಂದೊಂದು ಕೋಶದಲ್ಲೂ 4.2 ವೋಲ್ಟು ಇರುತ್ತದೆ. ಹಾಗೆ ತುಂಬಿಸಿಯೇ ತಿಂಗಳುಗಟ್ಟಲೆ ಇಟ್ಟರೆ ಅದು ಉಬ್ಬಿ ಕೆಡುತ್ತದೆ. ಪೂರ್ತಿ ಬರಿದು ಮಾಡಿ ಇಟ್ಟರೆ ಮತ್ತೆಂದೂ ಜೀವ ಹಿಡಿಯುವುದಿಲ್ಲ. ಬಹುದಿನ ಇಡಬೇಕಾದರೆ ಸುಮಾರು 3.8 ವೋಲ್ಟಿನಲ್ಲಿ, ಅಂದರೆ ತುಂಬಿಯೂ ಅಲ್ಲ ಬರಿದೂ ಅಲ್ಲ ಎಂಬ ನಡುನೆಲೆಯಲ್ಲಿ ಇಡಬೇಕು. ಆಗಾಗ್ಗೆ ತೆಗೆದು ನೋಡುತ್ತಲೂ ಇರಬೇಕು. ತಂಡದ ಬಿಡುವಿನ ಕಾಲಕ್ಕೂ ಇದೇ ಅಳತೆ. ವಾರಕ್ಕೆ ಎರಡು ಮಧ್ಯಾಹ್ನ, ಎರಡೆರಡು ಗಂಟೆ. ಪರೀಕ್ಷೆಯ ಮುಂಚಿನ ಮೂರು ವಾರ ಏನೂ ಬೇಡ. ಬರಲಾಗದವನು ಮುಂದಿನ ವಾರ ನಾಚದೆ ಬರುವಂತಿರಬೇಕು. ಹೀಗೆ ನಡೆದರೆ ಯಾವ ತಂದೆಗೂ ದೂರುವ ಕಾರಣವಿರದು. ಸಂದರ್ಶನದಲ್ಲಿ ಮಗ ತಾನು ಕಟ್ಟಿದ್ದನ್ನು ಬಿಡಿಸಿ ಹೇಳುವುದನ್ನು ಕಂಡರೆ ದೂರುವ ಮನಸ್ಸೂ ಇರಲಾರದು.

ಆದರೆ ಈ ಭಾರವನ್ನೆಲ್ಲ ಹುಡುಗರ ಹೆಗಲಿಗೇ ಹಾಕಿ ಕಾಲೇಜುಗಳು ಕೈತೊಳೆದುಕೊಳ್ಳತಕ್ಕದ್ದಲ್ಲ. ನಾನು ಬಲ್ಲ ಒಂದು ಕಾಲೇಜಿನಲ್ಲಿ, ಪಂದ್ಯಕ್ಕೆ ಹೆಸರು ಕೊಟ್ಟ ಮೇಲಲ್ಲದೆ ಒಂದು ರೂಪಾಯಿಯೂ ಮಂಜೂರಾಗದೆಂಬ ಪದ್ಧತಿಯಿತ್ತು. ಗೆದ್ದು ಬಂದ ವರ್ಷ ಹಾರ ತುರಾಯಿ, ಸಭಾಂಗಣದಲ್ಲಿ ಭಾಷಣ. ಮರುವಾರ ಶೆಡ್ಡಿನ ಬೀಗದ ಕೈ ಕಚೇರಿಯ ಕಪಾಟು ಸೇರಿತು. ಅದನ್ನು ಪಡೆಯಲು ಅರ್ಜಿ, ಅರ್ಜಿಗೆ ಇಲಾಖೆಯ ಮುಖ್ಯಸ್ಥರ ಸಹಿ, ಸಹಿ ಮಾಡಬೇಕಾದವರು ಮೌಲ್ಯಮಾಪನಕ್ಕೆ ಬೇರೆ ಊರಿಗೆ. ನವೆಂಬರಿನಲ್ಲಿ ಬೀಗ ತೆರೆದಾಗ ಅರ್ಜಿ ಬರೆದಿದ್ದ ಮೂವರು ಎರಡನೆಯ ವರ್ಷದ ಹುಡುಗರಲ್ಲಿ ಇಬ್ಬರು ಬೇರೆ ಕೆಲಸ ನೋಡಿಕೊಂಡಿದ್ದರು. ಆ ತಂಡ ಮರುವರ್ಷ ಪಂದ್ಯಕ್ಕೆ ಹೋಗಲಿಲ್ಲ; ಅದರ ಮುಂದಿನ ವರ್ಷವೂ ಹೋಗಲಿಲ್ಲ. ಕಾರಣ ಕೇಳಿದವರಿಗೆ, ಈಗಿನ ಹುಡುಗರಲ್ಲಿ ಉತ್ಸಾಹವಿಲ್ಲ ಎಂಬ ಉತ್ತರ ಸಿಕ್ಕಿತು. ಉತ್ಸಾಹ ಇತ್ತು, ಅದು ಮೂರು ತಿಂಗಳು ಬಾಗಿಲ ಹೊರಗೆ ನಿಂತು ಹೊರಟುಹೋಗಿತ್ತು.

ಕಾಲೇಜು ಮಾಡಬೇಕಾದದ್ದು ಬಹಳವೇನೂ ಅಲ್ಲ. ಪಂದ್ಯಕ್ಕೆ ಕೊಡುವ ಹಣದಲ್ಲಿಯೇ ಒಂದು ಸಣ್ಣ ಪಾಲನ್ನು ಬಿಡುವಿನ ತಿಂಗಳುಗಳಿಗೆಂದು ತೆಗೆದಿಡಬೇಕು. ವೇಳಾಪಟ್ಟಿಯಲ್ಲಿ ಎರಡು ಮಧ್ಯಾಹ್ನಗಳನ್ನು ಗುರುತಿಸಬೇಕು. ಆ ಹೊತ್ತಿನಲ್ಲಿ ಕಾರ್ಯಾಗಾರದ ಒಬ್ಬ ನುರಿತ ಸಹಾಯಕ ಅಲ್ಲಿರಬೇಕು. ಲೇತಿನ ಮುಂದೆ ಮೂವತ್ತು ವರ್ಷ ನಿಂತವನ ಕಣ್ಣು ಎಷ್ಟೋ ಪದವೀಧರರ ಲೆಕ್ಕಕ್ಕಿಂತ ಚುರುಕು. ಮಾರ್ಗದರ್ಶಕ ಅಧ್ಯಾಪಕನಿಗೆ ಈ ಗಂಟೆಗಳನ್ನು ಪಾಠದ ಗಂಟೆಗಳೆಂದೇ ಎಣಿಸಬೇಕು. ಮತ್ತು ಬೀಗದ ಕೈ ವಿದ್ಯಾರ್ಥಿಗಳ ಬಳಿಯಿರಬೇಕು.

ಈ ಮಾತು ಕಾಲೇಜುಗಳಿಗಷ್ಟೇ ಸಲ್ಲುವುದಲ್ಲ. 2016ರಿಂದ ಕೇಂದ್ರ ಸರ್ಕಾರ ಆರನೆಯ ತರಗತಿಯಿಂದ ಹನ್ನೆರಡನೆಯದರ ವರೆಗಿನ ಮಕ್ಕಳಿಗಾಗಿ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ತೆರೆಯಿಸುತ್ತ ಬಂದಿದೆ. ಒಂದೊಂದಕ್ಕೆ 20 ಲಕ್ಷ ರೂಪಾಯಿಗಳ ವರೆಗೆ ಅನುದಾನ. ಇಂಥವು ದೇಶದಲ್ಲಿ ಹತ್ತು ಸಾವಿರ ದಾಟಿವೆ. ಐದು ವರ್ಷಗಳಲ್ಲಿ ಇನ್ನೂ 50,000 ಪ್ರಯೋಗಾಲಯಗಳನ್ನು ಸರ್ಕಾರಿ ಶಾಲೆಗಳಲ್ಲಿ ತೆರೆಯುವುದಾಗಿ 2025ರ ಆಯವ್ಯಯದಲ್ಲಿ ಘೋಷಿಸಿದ್ದಾರೆ. ಸಂತೋಷದ ಸಂಗತಿ. ಪೆಟ್ಟಿಗೆಗಳು ಬರುತ್ತವೆ, ಗೋಡೆಗೆ ಬಣ್ಣ ಬರುತ್ತದೆ, ಉದ್ಘಾಟನೆಯೂ ಆಗುತ್ತದೆ. ಆ ಪೆಟ್ಟಿಗೆಗಳನ್ನು ವಾರ್ಷಿಕೋತ್ಸವ ತನಿಖೆಗಳಿಲ್ಲದ ಸಾಧಾರಣ ಮಂಗಳವಾರದಂದು ತೆರೆಯುವವರು ಯಾರು? ಎರಡು ಮೈಲಿ ದೂರದ ಎಂಜಿನಿಯರಿಂಗ್ ಕಾಲೇಜಿನ ತಂಡಕ್ಕೆ ಸೆಪ್ಟೆಂಬರಿನಲ್ಲಿ ಕೆಲಸವಿಲ್ಲ. ಈ ಶಾಲೆಗೆ ಸೆಪ್ಟೆಂಬರಿನಲ್ಲಿ ಕಲಿಸುವವರಿಲ್ಲ. ಎರಡು ಕೊರತೆಗಳನ್ನು ಒಂದೆಡೆ ಸೇರಿಸಿದರೆ ಎರಡೂ ನೀಗುತ್ತವೆ. ಇದಕ್ಕೆ ಹೊಸ ಯೋಜನೆ ಬೇಡ. ಒಬ್ಬ ಪ್ರಿನ್ಸಿಪಾಲರು ಒಬ್ಬ ಮುಖ್ಯೋಪಾಧ್ಯಾಯರಿಗೆ ಒಂದು ಕಾಗದ ಬರೆದರೆ ಸಾಕು.

ಕಪ್ಪು ಗೆದ್ದ ತಂಡಗಳ ಹೆಸರನ್ನು ಕಾಲೇಜಿನ ಮೊಗಸಾಲೆಯಲ್ಲಿ ಬಂಗಾರದ ಅಕ್ಷರದಲ್ಲಿ ಬರೆಯಿಸುತ್ತಾರೆ, ಬರೆಯಿಸಲಿ. ಒಂದು ಕಾಲೇಜಿನ ಯೋಗ್ಯತೆಯನ್ನು ಅಳೆಯಬೇಕೆಂದರೆ ನಾನು ಆ ಹಲಗೆಯ ಕಡೆ ಹೋಗುವುದಿಲ್ಲ. ಪಂದ್ಯವಿನ್ನೂ ಹತ್ತು ತಿಂಗಳು ದೂರವಿರುವ ಒಂದು ಮಳೆಗಾಲದ ಮಧ್ಯಾಹ್ನ ಶೆಡ್ಡಿನ ಕಡೆ ನಡೆಯುತ್ತೇನೆ. ಬಾಗಿಲು ತೆರೆದಿದ್ದು, ಒಳಗೆ ಒಬ್ಬ ಹಿರಿಯ ವಿದ್ಯಾರ್ಥಿ ಕೈಕಟ್ಟಿ ಕುಳಿತು, ಒಬ್ಬ ಕಿರಿಯಳು ತಪ್ಪಾಗಿ ಬಿಗಿದ ಬೋಲ್ಟನ್ನು ತಾನಾಗಿಯೇ ಕಂಡುಕೊಂಡು ಬಿಚ್ಚುವ ತನಕ ಮಾತಾಡದೆ ಕಾಯುತ್ತಿದ್ದರೆ, ಆ ಕಾಲೇಜಿನಲ್ಲಿ ವಿದ್ಯೆಯಿದೆ ಎಂದು ತಿಳಿಯುತ್ತೇನೆ. ಅದು ಮುಂದಿನ ವರ್ಷ ಗೆಲ್ಲುವುದೋ ಸೋಲುವುದೋ ನಾನು ಹೇಳಲಾರೆ. ಅದರ ಮುಂದಿನ ವರ್ಷವೂ ಅಲ್ಲಿ ತಂಡವಿರುತ್ತದೆಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ.